ಬೆನ್ನೆಲುಬಿನ ಗ್ಯಾಂಗ್ ಲಯನ್
ಕೋವಿಯ ನಳಿಗೆ ನನ್ನ ಹೊಕ್ಕುಳಿಗೆ ಒತ್ತಿತ್ತು.

ಬೆರಳು ಕೋವಿಯ ಕುದುರೆಯ ಮೇಲಿತ್ತು!

"ಒಂದು ಹೆಜ್ಜೆ ಮುಂದಿಟ್ರೆ ಹೊಡೀತೇನೆ, ನಾಣಯ್ಯಣ್ಣ!"

ಬೊಳ್ಳಮ್ಮ. ಎಸ್ಟೇಟ್ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಕೂಸಪ್ಪನ ಹೆಂಡತಿ. ಓಡುವ ಹಂದಿಯನ್ನು ಒಂದೇ ಗುಂಡಿಗೆ ಉರುಳಿಸಿದವಳು. ತಮಾಷೆಗೆ ಕೋವಿ ಎತ್ತುವ ಹೆಂಗಸಲ್ಲ.

ನನ್ನ ಬಾಯಿ ಒಣಗಿತು. ಎದೆ ಡವಡವ. ಕೈಮೇಲಿನ ರೋಮವೆಲ್ಲ ನೆಟ್ಟಗೆ... ಯಾವುದಕ್ಕೂ ನಾನು ಅಪ್ಪಣೆ ಕೊಟ್ಟಿರಲಿಲ್ಲ, ಸ್ವಾಮಿ!

ನಾನು ಮಾಜಿ ಹೆಡ್ ಕಾನ್‌ಸ್ಟೇಬಲ್. ಸುಂಟಿಕೊಪ್ಪದಾಚೆ ಬೆನ್ಸನ್ ದೊರೆಯ ಎಸ್ಟೇಟಿನಲ್ಲಿ ಏನಾದರೂ ಹೊಲಸು ಎದ್ದರೆ ಒರೆಸುವುದು ನನ್ನ ಕೆಲಸ. ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿ. ದೊರೆಗೆ ಪ್ರತಿ ಕಾಫಿ ಗಿಡದ ಹಿಂದೆಯೂ ಒಂದು ಖಾದಿ ಟೋಪಿ ಕಾಣುತ್ತಿದ್ದ ಕಾಲ.

ಅವತ್ತು ಬೆಳಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ಹೆಡ್ ರೈಟರ್ ಚೆನ್ನಯ್ಯ ಬಂಗಲೆಗೆ ಓಡಿ ಬಂದಿದ್ದ. ಕೈಯಲ್ಲಿ ಕೂಸಪ್ಪನ ನೋಟ್‌ಬುಕ್. ಆಸ್ಪತ್ರೆಯ ಮೇಜಿನಿಂದ ಕದ್ದದ್ದು.

"'ಅಟಾನಮಿಕ್' ಅಂತ ಬರ್ದಿದ್ದಾನೆ ದೊರೆ! ಅಟಾನಮಿ ಅಂದ್ರೆ... ಸ್ವರಾಜ್ಯ!"

ದೊರೆಯ ಪೈಪು ಆರಿತು.

"ಇಲ್ನೋಡಿ, 'ಸಿಂಪಥೆಟಿಕ್'. ಅಂದ್ರೆ ಅವರ ಕಡೆಯೋರು. ಬೆನ್ನೆಲುಬಿನ ಎರಡೂ ಬದಿ ಸರಪಳಿ ಥರ ನಿಂತಿದ್ದಾರಂತೆ. ತಲೆಯ ಮಾತು ಕೇಳೋದೇ ಇಲ್ವಂತೆ!"

"ತಲೆ ಯಾರು?"

"ತಾವೇ, ದೊರೆ!"

"ಲೀಡರ್?"

ಚೆನ್ನಯ್ಯ ಪುಟ ಮಗುಚಿದ.

"ಗ್ಯಾಂಗ್... ಲಯನ್!"

ದೊರೆ ಆಗಿಂದಾಗಲೇ ರಿಪೋರ್ಟ್ ಬರೆದು ಮಡಿಕೇರಿಗೆ ಕಳಿಸಿದ. ನನಗೆ ಹೇಳಿದ್ದು ಒಂದೇ ಮಾತು. ಮಧ್ಯಾಹ್ನದೊಳಗೆ ಕೂಸಪ್ಪ ಬೇಕು. ಸಂಜೆಗೆ ಅವನು ಜೈಲಿನಲ್ಲಿರಬೇಕು.

ಹಾಗಾಗಿ ನನ್ನ ಹೊಟ್ಟೆಗೆ ಕೋವಿ.

"ನಿನ್ನ ಗಂಡ ಗ್ಯಾಂಗ್ ಲಯನ್ ಅಂತಲ್ಲಾ?" ಎಂದೆ.

"ಗ್ಯಾಂಗ್ಲಿಯನ್, ನಾಣಯ್ಯಣ್ಣ!" ಬಾಗಿಲ ಹಿಂದಿನಿಂದ ಕೂಸಪ್ಪ ಕೂಗಿದ. "ನರದ ಗಂಟು! ಸೋಮವಾರ ಮದ್ರಾಸಲ್ಲಿ ನಂಗೆ ಡಾಕ್ಟ್ರ ಪರೀಕ್ಷೆ ಉಂಟು. ಅದರ ಪಾಠ ಅದು! ಅಟಾನಮಿಕ್ ಅಂದ್ರೆ ನಮ್ಮ ಅಪ್ಪಣೆ ಕೇಳದೆ ತಾನೇ ನಡೆಯೋ ನರಗಳು!"

"ಸಾಕ್ಷಿ?"

"ನಿಮ್ಮ ಬಾಯಿ ಒಣಗಿದ್ಯಾ?"

"...ಹೌದು."

"ಎದೆ ಹೊಡ್ಕೊಳ್ತಾ ಉಂಟಾ? ಬೆಳಗ್ಗೆ ತಿಂದ ಅಕ್ಕಿರೊಟ್ಟಿ ಅರಗದೆ ಅಲ್ಲೇ ನಿಂತಿದ್ಯಾ?"

"ಹೌದು ಮಾರಾಯ!"

"ಅದೇ ಸಿಂಪಥೆಟಿಕ್! ಎದೆ, ಸೊಂಟದ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡ್ತದೆ. ಹೊಡೆದಾಡು, ಇಲ್ಲಾ ಓಡು... ಅಷ್ಟೇ ಅದರ ಬುದ್ಧಿ. ಹೊಟ್ಟೆಯ ರಕ್ತ ಕಡಿಮೆ ಮಾಡಿ ಕಾಲಿಗೆ ಕಳಿಸ್ತದೆ."

ನನ್ನ ಕಾಲುಗಳನ್ನು ನೋಡಿಕೊಂಡೆ. ನಿಜಕ್ಕೂ ಓಡಲು ತಯಾರಾಗಿದ್ದವು. ನಾಚಿಕೆಯಾಯಿತು, ಸ್ವಾಮಿ. ಪಾಠ ಬರೆದುಕೊಂಡ ತಪ್ಪಿಗೆ ಒಬ್ಬನನ್ನು ಜೈಲಿಗೆ ತಳ್ಳಲು ಬಂದಿದ್ದೆ.

ಬೊಳ್ಳಮ್ಮ ಕೋವಿ ಇಳಿಸಿದಳು.

ಢಮಾರ್!

ಹಿಂಬಾಗಿಲು ಮುರಿದು ಬಿತ್ತು. ಚೆನ್ನಯ್ಯ, ಜೊತೆಗೆ ದೊಣ್ಣೆ ಹಿಡಿದ ನಾಲ್ವರು ವಾಚರುಗಳು.

"ನಾಣಯ್ಯನೂ ಗ್ಯಾಂಗಿನವನೇ! ಹಿಡೀರಿ!"

ಕೂಸಪ್ಪನ ರಟ್ಟೆ ಹಿಡಿದು ಕಾಫಿ ಗಿಡಗಳ ನಡುವೆ ಓಡಿದೆ. ದೊಣ್ಣೆಯೊಂದು ಕಿವಿ ಸವರಿ ಹೋಯಿತು.

"ಈಗ ಕಣ್ಣಿನ ಪಾಪೆ ಅಗಲ ಆಗಿರ್ತದೆ!" ಕೂಸಪ್ಪ ಏದುಸಿರಿನಲ್ಲೇ ಹೇಳಿದ. "ಶ್ವಾಸನಾಳವೂ..."

"ಬಾಯಿ ಮುಚ್ಚಿ ಓಡೋ!"

"ಎಲ್ಲಿಗೆ?"

"ಬಂಗಲೆಗೆ. ಗಂಟು ಹಾಕಿದವನೇ ಬಿಚ್ಚಲಿ!"

ಜಗಲಿ ಹತ್ತಿದೆವು. ಎದುರಿಗೆ ಪಿಸ್ತೂಲು.

"ಲಯನ್!" ದೊರೆ ಕಿರುಚಿದ.

"ದೊರೆ, ಗ್ಯಾಂಗ್ ತಮ್ಮೊಳಗೇ ಉಂಟು!" ಎಂದೆ.

"ವಾಟ್?"

"ನಾಡಿ ಹಿಡಿದು ನೋಡಿ ದೊರೆ," ಎಂದ ಕೂಸಪ್ಪ.

ದೊರೆ ಗಡಿಯಾರ ನೋಡುತ್ತಾ ಎಣಿಸಿದ. ನೂರ ಇಪ್ಪತ್ತು!

"ನಿಧಾನ ಆಗು ಅಂತ ಆರ್ಡರ್ ಮಾಡಿ."

"ಸ್ಲೋ ಡೌನ್!" ದೊರೆ ತನ್ನ ಮಣಿಕಟ್ಟನ್ನು ಗದರಿದ.

ನೂರ ಮೂವತ್ತು.

ಅಷ್ಟು ದೊಡ್ಡ ಸಾಮ್ರಾಜ್ಯದ ಮಾತನ್ನು ಒಂದು ನಾಡಿ ಕೇಳಲಿಲ್ಲ, ಸ್ವಾಮಿ. ಅದೂ ದೊರೆಯ ಸ್ವಂತ ನಾಡಿ!

"ಹಾಗಾದ್ರೆ... ಇಳಿಸೋದು ಯಾರು?" ದೊರೆಯ ದನಿ ಸಣ್ಣದಾಗಿತ್ತು.

"ಎದುರು ಪಾರ್ಟಿ ಉಂಟು ದೊರೆ. ಪ್ಯಾರಾಸಿಂಪಥೆಟಿಕ್. ಅದರಲ್ಲಿ ದೊಡ್ಡ ನರ ವೇಗಸ್. ಅಲೆಮಾರಿ ಅಂತ ಅರ್ಥ. ತಲೆಯಿಂದ ಹೊರಡುವ ಹತ್ತನೇದು. ಕತ್ತಿನಲ್ಲಿ ಇಳಿದು, ಎದೆ ದಾಟಿ, ಹೊಟ್ಟೆಗೆ ಹೋಗ್ತದೆ. ಎದೆ ಬಡಿತ ಇಳಿಸ್ತದೆ, ಊಟ ಅರಗಿಸ್ತದೆ. ಕೂತ್ಕೊಳ್ಳಿ... ನಿಧಾನಕ್ಕೆ ಉಸಿರು ಬಿಡಿ."

ದೊರೆ ಕೂತ. ಉಸಿರು ಬಿಟ್ಟ. ನಾಡಿ ತೊಂಬತ್ತಕ್ಕೆ ಇಳಿಯಿತು. ಪಿಸ್ತೂಲು ಮೇಜಿನ ಮೇಲೆ ಕೂತಿತು.

"ಹೋಗು. ಮದ್ರಾಸಿಗೆ ಹೋಗು." ನೋಟ್‌ಬುಕ್ ಎಸೆದ.

ಅದನ್ನು ಹಿಡಿದುಕೊಂಡ ಕೂಸಪ್ಪನ ಕಣ್ಣಲ್ಲಿ ನೀರು. ಅದು ಯಾವ ನರದ ಕೆಲಸ ಎಂದು ನಾನು ಕೇಳಲಿಲ್ಲ.

ಆದರೆ ಮಡಿಕೇರಿಗೆ ಹೋದ ರಿಪೋರ್ಟ್?

"ಗ್ಯಾಂಗ್ ಇಲ್ಲ ಅಂತ ಬರೆದರೆ ಕ್ಲಬ್ಬಿನಲ್ಲಿ ನಗ್ತಾರೆ, ನಾಣಯ್ಯ!" ದೊರೆ ಪೆನ್ನು ಹಿಡಿದ. "ಯಾರಾದರೂ ಒಬ್ಬ ಬೇಕು. ಹೆಸರು ಹೇಳು!"

ಅಷ್ಟರಲ್ಲಿ ಏದುತ್ತಾ ಬಂದು ನಿಂತಿದ್ದ ಚೆನ್ನಯ್ಯ ಬಾಯಿ ತೆರೆದ. "ಲೈನ್‌ಮನೆಯ ಜವರಿ ಅಂತ ಕೂಲಿಯವ ಇದ್ದಾನೆ ದೊರೆ. ಬಡವ. ಕೇಳೋರಿಲ್ಲ..."

ನನ್ನ ರಕ್ತ ಕುದಿಯಿತು.

"ವೇಗಸ್!" ಎಂದೆ. "ನಂಬರ್ ಹತ್ತು. ಅಲೆಮಾರಿ. ತಲೆಯಿಂದ ಹೊರಟು ತಲೆಮರೆಸಿಕೊಂಡಿದ್ದಾನೆ, ದೊರೆ."

ದೊರೆ ನನ್ನನ್ನೇ ದಿಟ್ಟಿಸಿದ. ಅವನಿಗೆ ಎಲ್ಲಾ ಗೊತ್ತು. ಆದರೂ ಬರೆದ. ಮಡಿಕೇರಿಯಿಂದ ವಾರಂಟೂ ಬಂತು, ಮೊಹರು ಸಮೇತ!

ಹಿಡಿಯುವ ಕೆಲಸ ನನಗೇ ಬಿತ್ತು. ಆಸಾಮಿ ಎಲ್ಲಿದ್ದಾನೆಂದು ನನಗೆ ಗೊತ್ತು, ಸ್ವಾಮಿ... ಆದರೆ ಹಿಡಿಯೋದಿಲ್ಲ. ಹಿಡಿದರೆ ದೊರೆಗೆ ಉಂಡ ಅನ್ನ ಅರಗೋದಿಲ್ಲ!