ಗೀರಿಲ್ಲದ ಕೈ

ಸಣ್ಣತಾಯಮ್ಮ ಮಳವಳ್ಳಿಯ ದನದ ಆಸ್ಪತ್ರೆಗೆ ಬಂದಾಗ ಕಾಂಪೌಂಡರ್ ಚಲುವರಾಜು ಒಂದು ಎತ್ತಿನ ಗೊರಸಿಗೆ ಪಟ್ಟಿ ಕಟ್ಟುತ್ತಿದ್ದ. ತಲೆಯೆತ್ತಿದವನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಕೈಗಳು. ತುಂಬ ಗೀರು, ಮೇಲೆ ಟಿಂಚರಿನ ಕಂದು ಕಲೆ.

"ಜನರ ಆಸ್ಪತ್ರೆ ಆ ಬೀದೀಲದೆ ಕಣಮ್ಮ. ಇಲ್ಲಿ ದನಕ್ಕಷ್ಟೇ ಔಸ್ದಿ."

"ನಾನು ಅಲ್ಲಿಂದ್ಲೇ ಬಂದಿದ್ದು. ಅಲ್ಲಿ ಹೆರಿಗೆ ನರ್ಸಿನ ಕೆಲ್ಸ ಕಲೀತಿದ್ದೀನಿ," ಎಂದು ಅವಳು ಸೆರಗು ಸರಿಸಿದಳು. ಒಳಗಿಂದ ನಾಯಿಮರಿಯೊಂದರ ಬಿಳೀ ಮುಖ ಇಣುಕಿತು. ಒಂದು ಕಿವಿ ಮಾತ್ರ ಕಂದು. "ಔಸ್ದಿ ಬೇಕಿರೋದು ಇವನ ಬಾಯಿಗೆ."

ಅದು ೧೯೪೧ರ ಬೇಸಗೆ. ಶಿಂಷಾ ವಿದ್ಯುತ್ ಕೇಂದ್ರದಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬನ ಹೆಂಡತಿಗೆ ಸಣ್ಣತಾಯಮ್ಮ ಬಾಣಂತನದಲ್ಲಿ ಆರೈಕೆ ಮಾಡಿದ್ದಳು. ಆ ಸಂಸಾರ ಊರು ಬಿಡುವಾಗ ಪ್ರೀತಿಯಿಂದ ಕೊಟ್ಟುಹೋದ ಟೆರಿಯರ್ ಮರಿ ಈ ಜಾಕಿ. ಬೆರಳು, ಮಣಿಕಟ್ಟು, ಸೀರೆಯಂಚು, ಏನು ಸಿಕ್ಕಿದರೂ ಅವನ ಸೂಜಿಹಲ್ಲಿಗೆ ಹಬ್ಬ.

ಮೊನ್ನೆ ಡಾಕ್ಟರಮ್ಮ ಖಂಡಿತವಾಗಿ ಹೇಳಿಬಿಟ್ಟಿದ್ದರು: ಗೀರಿರುವ ಕೈ ಹೆರಿಗೆ ಕೋಣೆಯೊಳಗೆ ಬರಕೂಡದು, ತಾಯಿಗೂ ನಂಜು, ಮಗುವಿಗೂ ನಂಜು. ಪರೀಕ್ಷೆಗೆ ಮೂರೇ ವಾರ. ಪರೀಕ್ಷಕರ ಎದುರು ಒಂದು ಹೆರಿಗೆ ಮಾಡಿಸಲಾಗದಿದ್ದರೆ ತನ್ನೂರು ಬಸರಾಳಿಗೆ ವಾಪಸ್ಸು. ಅಪ್ಪ ಆಗಲೇ ಗಂಡು ನೋಡುತ್ತಿದ್ದ.

"ಯಾರಿಗಾದ್ರೂ ಕೊಟ್ಬುಡಿ," ಎಂದ ಚಲುವರಾಜು.

"ಅವನು ಹೋದ್ರೆ ನಾನೂ ಊರಿಗೆ ಹೋಯ್ತೀನಿ ಅಂತಾಳೆ ನಮ್ಮಜ್ಜಿ. ಅಜ್ಜಿ ಜೊತೇಲಿಲ್ದಿದ್ರೆ ಅಪ್ಪ ನನ್ನ ಇಲ್ಲಿ ಇರೋಕೆ ಬುಡಾಕಿಲ್ಲ." ಮರಿಯ ಕಿವಿ ಸವರುತ್ತ ಹೇಳಿದಳು, "ಕೊಡೋಕೆ ನನಗೂ ಮನಸಿಲ್ಲ."

"ಕಚ್ಚಿದಾಗ ಏನ್ ಮಾಡ್ತೀರಿ?"

"ಕೈ ಎಳ್ಕತ್ತೀನಿ. ಒಂದೇಟು ಹಾಕ್ತೀನಿ."

ಅವನು ನಕ್ಕ. ನಗುವಾಗ ಎಡಗೆನ್ನೆಯಲ್ಲಿ ಒಂದು ಗುಳಿ ಬಿದ್ದು ಮಾಯವಾಯಿತು. "ಇದು ಇಲಿ ಹಿಡಿಯೋ ಜಾತಿ, ನರ್ಸಮ್ಮ. ನಿಮ್ಮ ಕೈ ಓಡಿದ್ರೆ ಇವನಿಗೆ ಇಲಿ ಓಡ್ದಂಗೆ. ಸಾಯಂಕಾಲ ಬತ್ತೀನಿ ಬುಡಿ."

ಬಂದ. ಆಸ್ಪತ್ರೆಯ ಪಕ್ಕದ ಅವಳ ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು ಜಾಕಿಯ ಮುಂದೆ ಕೈ ಚಾಚಿದ. ಹಲ್ಲು ತಾಕಿದ ಕೂಡಲೇ ಮರಿಯಂತೆಯೇ "ಕುಂಯ್" ಎಂದು, ಕೈಯನ್ನು ಸತ್ತಂತೆ ಸಡಿಲ ಬಿಟ್ಟ. ಆಮೇಲೆ ಎದ್ದು ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತ. ಆಟ ಇದ್ದಕ್ಕಿದ್ದಂತೆ ನಿಂತದ್ದು ಜಾಕಿಗೆ ಅರ್ಥವಾಗಲಿಲ್ಲ.

"ಏಟು ಇವನಿಗೆ ಲೆಕ್ಕಕ್ಕಿಲ್ಲ. ನಾವು ಮೊಕ ತಿರುಗಿಸೋದೇ ದೊಡ್ಡ ಶಿಕ್ಷೆ. ಹತ್ತು ಎಣಿಸೋಗಂಟ ಹಿಂಗೇ ನಿಲ್ಬೇಕು."

ಸಣ್ಣತಾಯಮ್ಮ ಎಣಿಸಿದಳು. ಏಳಕ್ಕೇ ಅವನು ತಿರುಗಿದ. ಅವನ ಕಣ್ಣು ನಾಯಿಯ ಕಡೆಗಿರಲಿಲ್ಲ.

"ಇನ್ನೂ ಏಳು, ಕಾಂಪೌಂಡ್ರೇ."

"ನನ್ನ ಎಣಿಕೆ ಬೇರೆ," ಎಂದು ಅವನು ಮತ್ತೆ ಗೋಡೆಯ ಕಡೆ ತಿರುಗಿದಾಗ ಕಿವಿಯ ತುದಿ ಕೆಂಪಾಗಿತ್ತು.

ಅಂದಿನಿಂದ ದಿನವೂ ಬಂದ. ಕಚ್ಚಲು ಒದ್ದೆ ಬಟ್ಟೆಯ ಗಂಟು ಕಟ್ಟಿಕೊಟ್ಟ. ಜಾಕಿಗಿಂತ ಕಷ್ಟವಾದದ್ದು ಅಜ್ಜಿ ಮುದ್ದಮ್ಮನಿಗೆ ಪಾಠ ಹೇಳುವುದು. ಮರಿ ಸೆರಗು ಜಗ್ಗಿದಾಗೆಲ್ಲ ಅವಳಿಗೆ ನಗು. "ನೀವು ನಕ್ರೆ ಅವನು ಕಲಿಯಾಕಿಲ್ಲ ಕಣಜ್ಜಿ," ಎಂದು ಚಲುವರಾಜು ಗೋಗರೆದರೆ, "ಅಂಗಾರೆ ನಗ್ದಿರೋದು ಎಂಗೆ ಅಂತ ನಂಗೇ ಮೊದ್ಲು ಕಲ್ಸಪ್ಪ," ಎನ್ನುವಳು.

ಎಂಟನೆಯ ದಿನ ಎಲ್ಲ ಕೆಟ್ಟಿತು. ಜಾಕಿ ಹಿಂದೆಂದೂ ಇಲ್ಲದಷ್ಟು ಜೋರಾಗಿ ಕಚ್ಚಿದ. ಹೆಬ್ಬೆರಳಿನಿಂದ ರಕ್ತ ಬಂತು. ಸಣ್ಣತಾಯಮ್ಮ ಬಾಗಿಲ ಹಿಂದೆ ನಿಂತು ಅತ್ತಳು.

"ನನ್ನ ಕೈಲಿ ಆಗಾಕಿಲ್ಲ. ಊರಿಗೆ ಹೋಯ್ತೀನಿ."

"ಅಭ್ಯಾಸ ಬುಡೋಕೆ ಮುಂಚೆ ಒಂದ್ಸಾರಿ ಹಟ ಮಾಡ್ತದೆ," ಎಂದ ಅವನು ಮೆಲ್ಲಗೆ. "ಸೋಲ್ತಾ ಇರೋದು ಅವನು, ನೀವಲ್ಲ. ನಾಕು ದಿನ ತಡ್ಕಳಿ."

ತಡೆದುಕೊಂಡಳು. ಹನ್ನೆರಡನೆಯ ಸಂಜೆ ಜಾಕಿಯ ಬಾಯಿ ಅವಳ ಮಣಿಕಟ್ಟನ್ನು ಹಿಡಿದು, ಹಿಡಿದಷ್ಟೇ ಮೆತ್ತಗೆ ಬಿಟ್ಟಿತು. ಆಮೇಲೆ ಅವನು ಅಲ್ಲೇ ನೆಕ್ಕಿದ. ಸಣ್ಣತಾಯಮ್ಮ ತಲೆಯೆತ್ತಿದಳು. ಚಲುವರಾಜು ನಾಯಿಯನ್ನು ಮರೆತು ಅವಳನ್ನೇ ನೋಡುತ್ತಿದ್ದ.

ಪರೀಕ್ಷೆಯ ದಿನ ಪರೀಕ್ಷಕರು ಅವಳ ಕೈಗಳನ್ನು ಮಗುಚಿ ಮಗುಚಿ ನೋಡಿ, "ಒಳಗೆ ಹೋಗಿ," ಎಂದರು. ಮಧ್ಯಾಹ್ನದೊಳಗೆ ಆ ಕೈಗೆ ಒಂದು ಹೆಣ್ಣುಕೂಸು ಬಂದು ಬಿತ್ತು. ಸಣ್ಣತಾಯಮ್ಮ ಪಾಸಾದಳು, ಅಲ್ಲೇ ಕೆಲಸವೂ ಆಯಿತು.

ಓಡಿಹೋಗಿ ಹೇಳೋಣವೆಂದರೆ ದನದ ಆಸ್ಪತ್ರೆಯಲ್ಲಿ ಬೇರೆ ಕಾಂಪೌಂಡರ್ ಕೂತಿದ್ದ. ಚಲುವರಾಜು ಆ ಬೆಳಗ್ಗೆಯೇ ಮದ್ದೂರಿಗೆ ವರ್ಗವಾಗಿ ಹೋಗಿದ್ದ. ಹಿಂದಿನ ಸಂಜೆ ಜಗಲಿಯಿಂದ ಇಳಿಯುವಾಗ "ಇನ್ನು ನಾನು ಬರೋ ಕೆಲ್ಸ ಇಲ್ಲ, ನರ್ಸಮ್ಮ," ಎಂದದ್ದು ತಮಾಷೆಯಲ್ಲವೆಂದು ಅವಳಿಗೆ ಆಗ ತಿಳಿಯಿತು.

ಒಂದು ತಿಂಗಳು ಕಾದಳು. ಆಮೇಲೆ ಕಾರ್ಡು ಬರೆದಳು: "ಜಾಕಿ ಮತ್ತೆ ಕಚ್ಚುತ್ತಿದ್ದಾನೆ. ದಯವಿಟ್ಟು ಬನ್ನಿ."

ಭಾನುವಾರ ಮಧ್ಯಾಹ್ನ ಅವನು ಮದ್ದೂರಿನಿಂದ ಸೈಕಲ್ಲು ತುಳಿದುಕೊಂಡು ಬಂದ. ಹುಬ್ಬಿನ ತನಕ ಕೆಂಪು ಧೂಳು. ಜಾಕಿ ಓಡಿಬಂದು ಅವನ ಬೆರಳನ್ನು ಹೂವಿನಂತೆ ಬಾಯಲ್ಲಿ ಹಿಡಿದು ಬಾಲ ಅಲ್ಲಾಡಿಸಿದ.

"ಎಲ್ಲಿ ಕಚ್ಚವ್ನೆ? ಕೈ ತೋರ್ಸಿ."

ಸಣ್ಣತಾಯಮ್ಮ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು.

"ಅವ್ನು ಕಚ್ಚಿ ಯಾವ ಕಾಲ ಆಯ್ತು ಕಣಪ್ಪ," ಎಂದಳು ಒಳಗಿಂದ ಮುದ್ದಮ್ಮ.

ಇನ್ನು ಅಡಗಿಸಿ ಫಲವಿಲ್ಲ. ಅವಳು ಕೈ ಚಾಚಿದಳು. ಅವನು ಮೊದಲ ಸಲ ಅವನ್ನು ಹಿಡಿದು ಅಂಗೈ, ಮುಂಗೈ, ಬೆರಳು ಬೆರಳನ್ನೂ ನೋಡಿದ. ಒಂದು ಗೀರೂ ಇರಲಿಲ್ಲ.

"ಸುಳ್ಳು ಬರದ್ರಾ?"

"ಹೂಂ. ನಿಮ್ಮುನ್ನ ನೋಡ್ಬೇಕು ಅಂತ ಕಾರ್ಡಿನಲ್ಲಿ ಬರೆಯೋಕಾಯ್ತದಾ? ಪೋಸ್ಟ್‌ಮ್ಯಾನ್ ಓದ್ತಾನೆ."

ಗುಳಿ ಬಿತ್ತು. ಈ ಸಲ ಮಾಯವಾಗಲಿಲ್ಲ. "ನೀವು ಪಾಸಾದ ನರ್ಸು. ನಾನು ದನ ಕಾಯೋ ಕಾಂಪೌಂಡ್ರು. ಕೇಳೋಕೆ ಅಂಜ್ಕಂಡು, ನಾನೇ ವರ್ಗ ಮಾಡಿಸ್ಕಂಡು ಓಡೋದೆ."

"ಈಗ ಕೇಳಿ."

"ನನ್ನ ಮದುವೆ ಆಯ್ತೀರಾ?"

"ಆಯ್ತೀನಿ. ಕೆಲ್ಸ ಮಾತ್ರ ಬುಡಾಕಿಲ್ಲ."

"ಬುಡಿ ಅಂದೋರ್ಯಾರು?"

ಅಷ್ಟರಲ್ಲಿ ಆಸ್ಪತ್ರೆಯ ಮುಂದೆ ಕಮಾನುಗಾಡಿ ನಿಂತಿತು. ತುಂಬು ಬಸುರಿಯ ನರಳಾಟ ಕೇಳಿಸಿತು. ಸಣ್ಣತಾಯಮ್ಮ ಕೈ ಬಿಡಿಸಿಕೊಂಡು ಹೊರಟಳು. "ಇಲ್ಲೇ ಇರ್ತೀನಿ," ಎಂದ ಅವನು.

ಹುಟ್ಟಿದ್ದು ಅವಳಿ. ಎರಡನೆಯ ಕೂಸು ಅತ್ತಾಗ ಡಾಕ್ಟರಮ್ಮ ಅವಳ ಭುಜ ತಟ್ಟಿದರು. ದೀಪ ಹಚ್ಚುವ ಹೊತ್ತಿಗೆ ಅವಳು ಜಗಲಿಗೆ ಬಂದರೆ ಅಜ್ಜಿ ಆಗಲೇ ಚಲುವರಾಜು ಜೊತೆ ಮಾತೆಲ್ಲ ಮುಗಿಸಿ ಕೂತಿದ್ದಳು.

"ಸುಕ್ರವಾರ ಬಸರಾಳಿಗೆ ಒಂಟಿದ್ದೀವಿ ಕಣವ್ವ, ನಿಮ್ಮಪ್ಪನ ತಾವ ಮಾತಾಡೋಕೆ," ಎಂದಳು ಮುದ್ದಮ್ಮ. "ನೀನೂ ಬತ್ತೀಯೋ, ಕೆಲ್ಸ ಅದೆ ಅಂತೀಯೋ?"