ಜನ್ನಾಪುರದ ಮನೆಯ ನೆಲ

ಹಳೆಯ ಮನೆ ಕೊಳ್ಳುವವರು ಗೋಡೆಯ ಬಣ್ಣಕ್ಕೆ ಮರುಳಾಗಬಾರದು, ಪಾಯ ನೋಡಬೇಕು. ಬಾಡಿಗೆಗೆ ಕೊಡಲೆಂದು ಮನೆಗಳನ್ನು ಕೊಂಡು ಕೊಂಡು ನಾನು ಕಲಿತ ಉಪಾಯ ಒಂದೇ: ನೆಲದ ಮೇಲೆ ಒಂದು ಚೊಂಬು ನೀರು ಹೊಯ್ದರೆ, ಪಾಯ ಕುಸಿದ ಕಡೆಗೆ ಅದು ಹರಿಯುತ್ತದೆ.

ಕಳೆದ ವರ್ಷ ನನ್ನ ಬಾಮೈದ ರೇಣುಕಾಪ್ರಸಾದ ಭದ್ರಾವತಿಯ ಜನ್ನಾಪುರದಲ್ಲೊಂದು ಮನೆ ಮೆಚ್ಚಿದ. ಬಾಣಂತಿ ಹೆಂಡತಿಯನ್ನೂ ಕೂಸನ್ನೂ ತವರಿನಿಂದ ನೇರವಾಗಿ ಅಲ್ಲಿಗೇ ಕರೆತರುವ ಆಸೆ ಅವನಿಗೆ. ಒಂದು ಮಧ್ಯಾಹ್ನ ಇಬ್ಬರೂ ಹೋದೆವು. ಮನೆಯೊಡತಿ ಜಗದಾಂಬಾ ಬೀಗ ತೆಗೆದು ಹೊರಗೇ ನಿಂತರು.

ನಡುಮನೆಯಲ್ಲಿ ನೀರು ಹೊಯ್ದೆ. ಅದು ಕಿಟಕಿಯ ಬಳಿ ಬರಿಗಾಲಲ್ಲಿ ನಿಂತಿದ್ದ ರೇಣುಕಾಪ್ರಸಾದನ ಕಡೆ ಹರಿಯಿತು.

"ಆ ಮೂಲೆ ಕುಸಿದಿದೆ ಮಾರಾಯ," ಎಂದೆ.

"ಬರೀ ಹುಳುಕು ಹುಡುಕ್ತೀರಿ ಭಾವ. ಅಕ್ಕನ್ನ ನೋಡೋಕೆ ಬಂದಾಗ್ಲೂ ಹಿಂಗೇ ಮಾಡಿದ್ರಿ," ಎಂದು ನಗುತ್ತ ಅವನು ಎದುರು ಗೋಡೆಗೆ ಹೋಗಿ ನಿಂತ.

ನೀರು ಕ್ಷಣ ನಿಂತಿತು. ಆಮೇಲೆ ತಿರುಗಿ ಅವನ ಕಡೆ ಹೊರಟಿತು. ನಡುವೆ ಇದ್ದ ನನ್ನ ಪಾದಗಳನ್ನು ಬಳಸಿಕೊಂಡು ಹೋಗಿ ಅವನ ಬೆರಳುಗಳನ್ನು ಮುಟ್ಟಿತು.

"ನೋಡಿದ್ದಾದ್ರೆ ಬಂದ್ಬಿಡಿ," ಎಂದರು ಜಗದಾಂಬಾ, ಬಾಗಿಲಾಚೆಯಿಂದ.

ವಾಪಸು ಶಿವಮೊಗ್ಗದ ಬಸ್ಸು ಹತ್ತಿದೆವು. ಆ ಮನೆ ಬೇಡವೆಂದು ನಾನು ಹೇಳುವ ಮೊದಲೇ ಅವನೇ ಹೇಳಿದ.

"ಬೇಡ ಭಾವ. ಕಾಲಿಗೆ ತಾಗಿದ ನೀರು ಬೆಚ್ಚಗಿತ್ತು. ಕೂಸಿಗೆ ಎರೆಯೋ ಹದ."

ನಾನು ಹೊಯ್ದದ್ದು ಬೀದಿ ನಲ್ಲಿಯಲ್ಲಿ ಹಿಡಿದು ತಂದ ತಣ್ಣೀರು.