ಬಿಳಿ ಶಾಲಿನಲ್ಲಿ ಸುತ್ತಿದ ಪೆಟ್ಟಿಗೆ

“ತಿಲೆಕ್, ಆ ಡಿಸ್ಕು ಟಕ್ ಟಕ್ ಅಂತಿದೆ.”

ಫೋನಿನಲ್ಲಿ ಬುರುಲ್ ಅಷ್ಟೇ ಹೇಳಿದಳು. ಟ್ಯಾಕ್ಸಿ ಕಂಪನಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬಿಷ್ಕೆಕ್ ಊರಿಗೆ ಊರೇ ಬೈಯುವುದನ್ನು ಕೇಳುವ ಹುಡುಗಿ ಅವಳು. ಕೆಲಸ ಮುಗಿಯುವ ಹೊತ್ತಿಗೆ ಅವಳ ದನಿ ಹಳೇ ಚಪ್ಪಲಿಯಂತೆ ಸವೆದಿರುತ್ತದೆ. ಆದರೆ ಆವತ್ತು ಕೇಳಿದ್ದು ಸವೆದ ದನಿಯಲ್ಲ, ಹೆದರಿದ ದನಿ.

ನಾನು ಯಾರದೋ ಮಹಡಿಯ ಧೂಳಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಇಂಟರ್ನೆಟ್ ಕೇಬಲ್ ಎಳೆಯುತ್ತಿದ್ದೆ. ಶಾಲೆ ಬಿಟ್ಟ ದಿನದಿಂದ ಇದೇ ಕೆಲಸ. ಸೊಂಟ ಆಗಲೇ ಮುದುಕರ ಸೊಂಟವಾಗಿದೆ. ಚಳಿಗಾಲದಲ್ಲಿ ಅಮ್ಮ ತನ್ನ ಬಿಳಿ ಉಣ್ಣೆ ಶಾಲನ್ನು ನನ್ನ ನಡುವಿಗೆ ಬಿಗಿದು ಕಳಿಸುತ್ತಾಳೆ. ಮೇಲೆ ಜಾಕೆಟ್ ಎಳೆದುಕೊಂಡು ಅದನ್ನು ಮುಚ್ಚುತ್ತೇನೆ.

“ಆಫ್ ಮಾಡು. ಮುಟ್ಬೇಡ. ಬರ್ತೀನಿ.”

“ಯಾವ ಪೆಟ್ಟಿಗೆ ತರ್ತೀಯ?”

“ಎರಡು ಡಿಸ್ಕಿಂದು.”

“ಅಂದ್ರೆ ಆರ್ಸೋದು ಮುಗೀತು ಅನ್ನು.”

ನಾನು ಫೋನಿಟ್ಟೆ.

ಆರಿಸುವುದು ಮುಗಿಯಬಾರದು ಎಂದೇ ನಾವಿಬ್ಬರೂ ಇಷ್ಟು ದಿನ ಎಳೆದದ್ದು. ಎಲೆ ಉದುರುವ ಕಾಲದಲ್ಲಿ ಅವರ ಮನೆಗೆ ಕೇಬಲ್ ಹಾಕಲು ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. ಅಪ್ಪ ತೀರಿಕೊಂಡಿದ್ದಾರೆ. ಅವರು ಊರೂರಿನ ಮದುವೆಗಳನ್ನು ವಿಡಿಯೊ ಮಾಡುತ್ತಿದ್ದವರು. ಆ ವಿಡಿಯೊಗಳೆಲ್ಲ ಒಂದು ಹಳೇ ಡಿಸ್ಕಿನಲ್ಲಿವೆ. ಮನೆಯ ಟಿ.ವಿ.ಯಲ್ಲಿ ಅಜ್ಜಿಗೆ ಕಾಣಬೇಕು, ಮಾಸ್ಕೋದಲ್ಲಿ ಪರರ ಮನೆ ಒರೆಸುವ ಅಮ್ಮನಿಗೆ ಫೋನಿನಲ್ಲಿ ಕಾಣಬೇಕು. ರೌಟರಿಗೆ ಸಿಕ್ಕಿಸಿ ಮೂಲೆಯಲ್ಲಿಟ್ಟರೆ ತನ್ನ ಪಾಡಿಗೆ ಕೆಲಸ ಮಾಡುವ ಸ್ಟೋರೇಜ್ ಪೆಟ್ಟಿಗೆ ಯಾವುದು ತಗೊಳ್ಳಲಿ?

ನಾನು ಅಲ್ಲೇ ಹೇಳಬಹುದಿತ್ತು. ಹೇಳದೆ, “ನೋಡಿ ಹೇಳ್ತೀನಿ” ಅಂದೆ. ಅವಳು ಕಣ್ಣಿನಂಚಿನಲ್ಲಿ ನಕ್ಕು, “ನಿಧಾನಕ್ಕೆ ನೋಡು” ಅಂದಳು. ಆ ನಗೆಯನ್ನು ಲಿಫ್ಟ್ ಕೆಟ್ಟ ಒಂಬತ್ತು ಮಹಡಿ ಇಳಿಯುವಾಗಲೂ ಎದೆಯಲ್ಲಿಟ್ಟುಕೊಂಡೇ ಇಳಿದೆ.

ಆಮೇಲೆ ಶುರುವಾಯಿತು. ಒಂದು ವಾರ ಅವಳದು, “ಒಂದೇ ಡಿಸ್ಕಿನದು ಸಾಕಲ್ವಾ?” ಇನ್ನೊಂದು ವಾರ, “ನಾಕು ಡಿಸ್ಕಿಂದು ಬೀಗರ ಬಸ್ಸಿನ ಹಾಗೆ ಗುರ್ ಅನ್ನುತ್ತಂತೆ, ಅಜ್ಜಿಗೆ ನಿದ್ದೆ ಬರಲ್ಲ.” ನನ್ನದು, “ಅಗ್ಗದ್ದು ಬೇಡ, ಅದರ ಮಿದುಳು ಸಣ್ಣದು. ಹಳೇ ವಿಡಿಯೊನ ಟಿ.ವಿ.ಗೆ ಅರ್ಥ ಆಗೋ ಹಾಗೆ ಬದಲಾಯಿಸೋಕೆ ಹೋಗಿ ತೊದಲುತ್ತೆ.”

“ನಿನ್ ಥರ.”

“ನಾನೆಲ್ಲಿ ತೊದಲ್ತೀನಿ?”

“ಪೆಟ್ಟಿಗೆ ಬಿಟ್ಟು ಬೇರೆ ಏನಾದ್ರೂ ಮಾತಾಡು, ಗೊತ್ತಾಗುತ್ತೆ.”

ಹೀಗೆ ಚಳಿಗಾಲವೇ ಬಂತು. ನಾವು ಆಟ ಆಡುತ್ತಿದ್ದಾಗ ಡಿಸ್ಕಿನ ಆಯುಸ್ಸು ತೀರುತ್ತಿತ್ತು.

ಅಂಗಡಿಯಿಂದ ಪೆಟ್ಟಿಗೆ, ಡಿಸ್ಕು ಹೊತ್ತು ಹೊರಬಂದಾಗ ಹಸಿ ಹಿಮ ಬೀಳುತ್ತಿತ್ತು. ಜನ ಕಿಕ್ಕಿರಿದ ಬಾಡಿಗೆ ವ್ಯಾನಿನಲ್ಲಿ ಯಾರದೋ ಚೀಲಕ್ಕೆ ಸಿಕ್ಕು ನನ್ನ ಕವರು ಹರಿಯಿತು. ದಬ್ಬಿದವನಿಗೆ ಬೈದೆ, ಡ್ರೈವರಿಗೆ ಬೈದೆ, ಆಕಾಶಕ್ಕೂ ಬೈದೆ. ಆಮೇಲೆ ಸೊಂಟದ ಶಾಲು ಬಿಚ್ಚಿ ಎಲ್ಲವನ್ನೂ ಅದರಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡೆ. ಲಿಫ್ಟ್ ಎಂದಿನಂತೆ ಸತ್ತಿತ್ತು.

ಬಾಗಿಲು ತೆಗೆದವಳು ಬಾತ್ಮಾ ಅಜ್ಜಿ. ನಾನು ಏದುಸಿರು ಬಿಡುತ್ತಿದ್ದೆ, ಮುಖ ಕೆಂಪಾಗಿತ್ತು, ಎರಡೂ ಕೈಯಲ್ಲಿ ಬಿಳಿ ಶಾಲು. ಅಜ್ಜಿ ಶಾಲು ನೋಡಿದಳು. ಒಳಗಿಂದ ಬುರುಲ್ ಓಡಿಬರುವುದನ್ನು ನೋಡಿದಳು. ನಾನು ಒಳಗೆ ಕಾಲಿಟ್ಟು ಗಂಟನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಹಿಂದಿನಿಂದ ಧೊಪ್ಪೆಂದು ಸದ್ದಾಯಿತು.

ಅಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿದ್ದಳು.

“ಈಗ ಕರ್ಕೊಂಡು ಹೋಗೋ, ನೋಡೋಣ! ನನ್ನ ದಾಟಿ ಹೋಗೋ, ಕಳ್ಳ ನನ್ಮಗನೇ!”

“ಅಜ್ಜೀ, ಇದು ಪೆಟ್ಟಿಗೆ...”

“ಮೊದಲನೇದನ್ನೂ ಹೀಗೇ ತಗೊಂಡ್ ಹೋದ್ರಿ! ಸಾಲ್ದಾ ನಿಮ್ಗೆ?”

ಬುರುಲ್‌ಳ ಅಕ್ಕ ಜಿಪಾರ್ ಸಂತೆಗೆ ಹೋದವಳು ಮನೆಗೆ ಬರಲಿಲ್ಲ. ಯಾವನೋ ಹುಡುಗನ ಕಡೆಯವರು ಕಾರಿಗೆ ಎಳೆದು ಹಾಕಿ, ತಮ್ಮ ಮನೆಗೆ ಒಯ್ದು ತಲೆಗೆ ಬಿಳಿ ಶಾಲು ಹೊದಿಸಿದರು. ಅಷ್ಟು ಮಾಡಿದರೆ ಮುಗಿಯಿತು, ಮದುವೆ ಆದಂತೆ. ಓಡಿಹೋಗದಂತೆ ಆ ಮನೆಯ ಮುದುಕಿ ಹೊಸ್ತಿಲಲ್ಲಿ ಮಲಗಿದಳಂತೆ. ಹಿರಿಯರನ್ನು ದಾಟಿದ ಹುಡುಗಿ ಉದ್ಧಾರವಾಗಲ್ಲ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹಾಲಿನೊಂದಿಗೇ ಕುಡಿಸಿರುತ್ತಾರೆ. ಇದನ್ನು ಸಂಪ್ರದಾಯ ಅನ್ನುವವರ ಹಲ್ಲು ಉದುರಿಸಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಈಗ ನೋಡಿದರೆ, ಆ ಶಾಲು ಹಿಡಿದು ನಿಂತವನು ನಾನೇ.

ಬುರುಲ್ ಮುಖ ಬಿಳಿಚಿತ್ತು. “ಯಾಕೆ ತಂದೆ ಇದನ್ನ?”

“ಹಿಮ ಬೀಳ್ತಿತ್ತು. ನಂದಲ್ಲ, ಅಮ್ಮಂದು. ಸೊಂಟಕ್ಕೆ...” ತೊದಲಿದೆ. ಜಾಕೆಟ್ ಎತ್ತಿ ಸೊಂಟ ತೋರಿಸಿದೆ. ಅಲ್ಲಿ ತೋರಿಸುವಂಥದ್ದೇನೂ ಇರಲಿಲ್ಲ.

ಅವಳು ಗಂಟು ಬಿಚ್ಚಿದಳು. ಕಪ್ಪು ಪೆಟ್ಟಿಗೆ, ಎರಡು ಡಿಸ್ಕು. ಒಂದು ಹನಿ ನೀರೂ ತಾಗಿರಲಿಲ್ಲ. ಶಾಲು ಮಾತ್ರ ಒದ್ದೆಯಾಗಿ ನಾಯಿಮರಿಯಂತೆ ನಾರುತ್ತಿತ್ತು. ಅವಳ ಭುಜ ಮೆಲ್ಲಗೆ ಇಳಿಯಿತು.

“ಅಜ್ಜೀ, ಏಳು. ಇವ್ನಿಗೆ ತನ್ನ ಸೊಂಟ ಎತ್ಕೊಂಡು ಹೋಗೋಕೇ ಆಗಲ್ಲ, ನನ್ನನ್ನ ಎಲ್ಲಿ ಎತ್ಕೊಂಡು ಹೋಗ್ತಾನೆ?”

“ಏಳಲ್ಲ. ಜಿಪಾರ್ ಹೋದಾಗ ಗಂಡಸರ ಮಾತು ನಂಬಿ ಒಂದ್ಸಲ ಎದ್ದಿದ್ದೆ.”

ಸರಿ, ಅಜ್ಜಿ ಮಲಗಿಯೇ ಇದ್ದಳು. ಬುರುಲ್ ಅವಳ ತಲೆಯ ಕೆಳಗೆ ದಿಂಬಿಟ್ಟಳು, ಕಾಲಿಗೆ ಕಂಬಳಿ ಹೊದಿಸಿದಳು. ತೆರೆದ ಬಾಗಿಲಿನಿಂದ ಚಳಿ ನುಗ್ಗುತ್ತಿತ್ತು. ನಾನಂತೂ ಹೊರಗೆ ಹೋಗುವಂತಿಲ್ಲ. ಕೂತು ಕೆಲಸ ಶುರುಮಾಡಿದೆ.

ಪೆಟ್ಟಿಗೆ ಕೇಳುವ ಮೊದಲ ಪ್ರಶ್ನೆಯೇ ಅದು: ಎರಡು ಡಿಸ್ಕುಗಳನ್ನು ಕೂಡಿಸಿ ದೊಡ್ಡದೊಂದು ಜಾಗ ಮಾಡಲೇ, ಇಲ್ಲಾ ಒಂದಕ್ಕೊಂದನ್ನು ಕನ್ನಡಿ ಮಾಡಲೇ?

“ಕೂಡ್ಸಿದ್ರೆ ಎರಡರಷ್ಟು ಜಾಗ” ಅಂದೆ. “ಆದ್ರೆ ಒಂದು ಸತ್ರೆ ಎಲ್ಲಾ ಹೋಯ್ತು. ಕನ್ನಡಿ ಮಾಡಿದ್ರೆ ಜಾಗ ಅರ್ಧ. ಇದರಲ್ಲಿರೋದೇ ಅದರಲ್ಲೂ ಇರುತ್ತೆ. ಒಂದು ಸತ್ರೂ ಇನ್ನೊಂದಕ್ಕೆ ಎಲ್ಲಾ ನೆನಪಿರುತ್ತೆ.”

ಅವಳು ಪಕ್ಕದಲ್ಲಿ ಕೂತಳು. ಅವಳ ಕಿವಿಯ ಮೇಲೆ ಹೆಡ್‌ಫೋನ್ ಒತ್ತಿದ ಕೆಂಪು ಗುರುತು ಇನ್ನೂ ಮಾಸಿರಲಿಲ್ಲ.

“ಕನ್ನಡಿ” ಅಂದಳು. “ಸಾಕು ನನಗೆ, ದೊಡ್ಡ ಜಾಗ ಬೇಡ.”

ಹಳೇ ಡಿಸ್ಕು ಸಿಕ್ಕಿಸಿದೆ. ಟಕ್ ಟಕ್. ಉಸಿರು ಹಿಡಿದು, ಅಪ್ಪನ ಫೋಲ್ಡರನ್ನು ಎಲ್ಲಕ್ಕಿಂತ ಮೊದಲು ಎಳೆದೆ. ಪರದೆಯ ಮೇಲೆ ಹಸಿರು ಗೆರೆ ಇರುವೆಯಂತೆ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಕೆಲವು ಫೈಲುಗಳು ಬರಲೇ ಇಲ್ಲ.

“ಹೋಗ್ಲಿ ಬಿಡು” ಅಂದಳು, ಪ್ರತಿ ಸಲವೂ. ಪ್ರತಿ ಸಲವೂ ಅವಳ ಬೆರಳು ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

“ಬುರುಲ್, ಇನ್ನೊಂದು ವಿಷ್ಯ. ಮನೆಗೇ ಬೆಂಕಿ ಬಿದ್ರೆ ಕನ್ನಡೀನೂ ಸುಡುತ್ತೆ. ಮೂರನೇ ಪ್ರತಿ ಒಂದು ಬೇರೆ ಮನೇಲಿ ಇರ್ಬೇಕು.”

“ನಂಗೆ ಬೇರೆ ಮನೆ ಎಲ್ಲಿದೆ?”

“ಒಂದಿದೆ. ಚಿಕ್ಕದು. ಅಮ್ಮ, ನಾನು. ಒಲೆ ಹೊಗೆ ಬರುತ್ತೆ. ನಾನೂ... ದಿನಾ ಸಿಟ್ಟಲ್ಲೇ ಬರ್ತೀನಿ ಮನೆಗೆ.”

“ಡಿಸ್ಕಿಗೆ ಜಾಗ ಕೇಳ್ತಿದೀಯೋ, ನನಗೋ?”

“ಅದೇ ಹೇಳ್ತಿದೀನಲ್ಲ...”

“ನೋಡು, ತೊದಲ್ತಿದೀಯ.”

“ಏನದು ಪಿಸುಪಿಸು?” ಹೊಸ್ತಿಲಿನಿಂದ ಅಜ್ಜಿ ಗದರಿದಳು. “ಹುಡುಗಿ ಬೇಕಾದ್ರೆ ಜೋರಾಗಿ ಕೇಳೋ! ನಾನೂ ಕೇಳ್ಬೇಕು.”

ಬುರುಲ್ ನಗು ತಡೆಯಲು ತುಟಿ ಕಚ್ಚಿ ಟಿ.ವಿ. ಹಾಕಿದಳು. ಹೊಸ ಪೆಟ್ಟಿಗೆಯಿಂದ ಮೊದಲು ತೆರೆದ ವಿಡಿಯೊ ಯಾರದೋ ಮದುವೆಯದಲ್ಲ, ಅವರದೇ ಮನೆಯ ಹಬ್ಬದ್ದು. ನೆಲದ ಮೇಲೆ ಹಾಸಿದ ಬಟ್ಟೆಯ ತುಂಬ ರೊಟ್ಟಿ, ಒಣದ್ರಾಕ್ಷಿ, ಕುದುರೆ ಮಾಂಸ. ಹಿಡಿದಿದ್ದ ಮಾಂಸದ ತುಂಡು ಬಿಡದೆ ನಗುತ್ತಿರುವ ಜಿಪಾರ್, ಇನ್ನೂ ಹುಡುಗಿ. ಕ್ಯಾಮೆರಾ ಹಿಡಿದವನು ಕಾಣುವುದಿಲ್ಲ. ಬುರುಲ್‌ಳ ಅಪ್ಪನ ದನಿ ಮಾತ್ರ ಕೇಳಿಸಿತು.

“ಅಮ್ಮಾ, ಅಲ್ಯಾಕೆ ಬಾಗ್ಲ ಹತ್ರ ಕೂತಿದೀಯ? ನೀನು ಹಿರಿಯಳು. ಏಳು, ಮೇಲ್ಗಡೆ ಬಾ. ಬಾರಮ್ಮಾ.”

ಹಿಂದೆ ಕಂಬಳಿ ಸರಿದ ಸದ್ದು. ಬಾತ್ಮಾ ಅಜ್ಜಿ ಗೋಡೆ ಹಿಡಿದು ಎದ್ದಳು, ನನ್ನನ್ನು ನೋಡದೆ ದಾಟಿ ಹೋದಳು, ಬಾಗಿಲಿಗೆ ಎದುರಿನ ಗೋಡೆಯ ಬಳಿ, ಹಿರಿಯರು ಕೂರುವ ಜಾಗದಲ್ಲಿ ಹೋಗಿ ಕೂತಳು.

“ಬಂದೆ ಕಣಪ್ಪಾ” ಅಂದಳು ಟಿ.ವಿ.ಗೆ.

ಹೊಸ್ತಿಲು ಖಾಲಿ ಇತ್ತು. ನಾನು ಹೋಗಬಹುದಿತ್ತು. ಎದ್ದು ಬೂಟು ಹಾಕಿಕೊಂಡೆ. ಬುರುಲ್ ಶಾಲು ಹಿಡಿದು ಬಂದಳು. ಅಷ್ಟು ಹೊತ್ತು ಹೀಟರಿನ ಮೇಲೆ ಒಣಗಿ ಬೆಚ್ಚಗಾಗಿತ್ತು.

“ಕೈ ಎತ್ತು.”

ಎತ್ತಿದೆ. ಅವಳು ನನ್ನ ಜಾಕೆಟ್ ಸರಿಸಿ ಶಾಲನ್ನು ಸೊಂಟಕ್ಕೆ ಸುತ್ತಿದಳು, ಅಮ್ಮನಿಗಿಂತ ಬಿಗಿಯಾಗಿ. ಅವಳ ಹಣೆ ನನ್ನ ಎದೆಗೆ ತಾಗಿ ಹಾಗೇ ನಿಂತಿತು. ನಾವಿಬ್ಬರೂ ಎಷ್ಟು ದಣಿದಿದ್ದೆವೆಂದರೆ, ಒಬ್ಬರಿಗೊಬ್ಬರು ಆನಿಕೊಂಡದ್ದರಿಂದಲೇ ಬೀಳದೆ ಉಳಿದಿದ್ದೆವು.

“ಇದು ನಿನ್ ಸೊಂಟಕ್ಕೇ ಇರ್ಲಿ, ನನ್ನ ತಲೆಗೆ ಬೇಡ” ಅಂದಳು. “ಮೂರನೇ ಪ್ರತಿಗೆ ಜಾಗ ಬೇಕಂದ್ರೆ ನಿಮ್ಮಮ್ಮನ್ನ ಕಳ್ಸು. ಹಾಡುಹಗಲಲ್ಲಿ ಬರ್ಲಿ. ಬಾಗ್ಲು ತಟ್ಟಿ, ಕೂತು, ಚಹಾ ಕುಡಿದು, ನನ್ನ ಕೇಳಿ, ನಾನು ಹೂಂ ಅಂದ್ಮೇಲೆ ಕಿವಿಗೆ ನಿಶ್ಚಯದ ಓಲೆ ಹಾಕ್ಲಿ.”

“ನೀನು ಹೂಂ ಅಂತೀಯಾ?”

“ಕೇಳಕ್ಕೆ ಬರ್ಲಿ, ಆಮೇಲೆ ನೋಡೋಣ.”

ಒಳಗಿನಿಂದ ಅಜ್ಜಿ ಕೂಗಿದಳು. “ಬೆಳ್ಳಿದು ತರ್ಬೇಕು ಕಣೋ! ಅಗ್ಗದ್ದು ಆರಿಸ್ಕೊಂಡು ಬರ್ಬೇಡ, ಹುಡುಗಿ ಕಿವಿ ಕೀವು ಕಟ್ಟುತ್ತೆ!”

ನಾನು ಹೊಸ್ತಿಲು ದಾಟಿದೆ. ಒಂಬತ್ತು ಮಹಡಿ ಇಳಿಯುವಾಗ ಆ ಸತ್ತ ಲಿಫ್ಟಿಗೆ ಬೈಯುವುದನ್ನೇ ಮರೆತಿದ್ದೆ.